ಬಣ್ಣಗಾರನ ಪ್ರೊಫೈಲ್

"ಗುರುಗಳೇ, ನನ್ನ ಬಗ್ಗೆ ನಾನೇ ಬರೆಯುವಾಗ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಮಾಡಿ ಬರೆದರೆ ತಪ್ಪೇ?" ಎಂದು ನಿಜಗುಣ ಕೇಳಿದ.

ಅವನು ಆರು ವರ್ಷದಿಂದ ಒಂದು ಕಂಪನಿಯಲ್ಲಿದ್ದ. ಭಾನುವಾರ ಬೆಳಿಗ್ಗೆ ಪಾಠಕ್ಕೆಂದು ಮಠಕ್ಕೆ ಬರುತ್ತಿದ್ದ. ಉದ್ಯೋಗದ ಜಾಲತಾಣದಲ್ಲಿರುವ ಅವನ ಪ್ರೊಫೈಲ್ ಸಪ್ಪೆಯಾಗಿದೆ, ಅದಕ್ಕೇ ಬೇರೆ ಕಂಪನಿಯವರು ಯಾರೂ ಕರೆಯುತ್ತಿಲ್ಲ ಎಂದು ಸ್ನೇಹಿತರು ಹೇಳಿದ್ದರು. ಒಂದು ವಾರದಿಂದ ಅದನ್ನು ತಿದ್ದುತ್ತಿದ್ದ. ಎಲ್ಲರೂ ಹಾಗೆಯೇ ಬರೆಯುತ್ತಾರೆ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದೂ ಸೇರಿಸಿದ.

ಗುರುಗಳು ಪುಸ್ತಕ ಮುಚ್ಚಿಟ್ಟು ಈ ಕತೆ ಹೇಳಿದರು.

ಒಂದು ಊರಿನ ಬಟ್ಟೆ ಗಿರಣಿಯಲ್ಲಿ ಒಬ್ಬ ಬಣ್ಣಗಾರನಿದ್ದ. ಹೆಸರು ಕೊಟ್ರಪ್ಪ. ಇಪ್ಪತ್ತಾರು ವರ್ಷ ಬಣ್ಣದ ತೊಟ್ಟಿಯ ಮುಂದೆ ನಿಂತವನು. ವ್ಯಾಪಾರಿಗಳು ಹಳೆಯ ಬಟ್ಟೆಯ ಚೂರು ತಂದು, ಇದು ಹೊಸದಾಗಿದ್ದಾಗ ಯಾವ ಬಣ್ಣವಿತ್ತೋ ಅದೇ ಬೇಕು ಎಂದು ಕೇಳುತ್ತಿದ್ದರು. ಕೊಟ್ರಪ್ಪ ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಬಟ್ಟಲಿನಲ್ಲಿ ಬಣ್ಣ ಕಲಸಿ, ಒಂದು ಪಟ್ಟಿ ಅದ್ದಿ, ಒಣಗಿಸಿ, ಮತ್ತೆ ನೋಡುತ್ತಿದ್ದ. ಮೂರನೆಯ ಪಟ್ಟಿಗೆ ಬಣ್ಣ ಕೂಡಿ ಬರುತ್ತಿತ್ತು. ಹೇಗೆ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಗಿರಣಿ ಮುಚ್ಚಿತು. ಅವನಿಗೆ ಆಗ ಐವತ್ತೊಂದು. ಹೆಂಡತಿಯ ಹೊಲಿಗೆಯಿಂದ ಮನೆ ನಡೆಯತೊಡಗಿತು.

ಅವನಿಗೆ ಒಬ್ಬಳೇ ಮಗಳು, ವಿಶಾಲಾಕ್ಷಿ. ಕಾಲೇಜಿನಲ್ಲಿ ಓದುತ್ತಿದ್ದಳು. ಕೆಲಸ ಹುಡುಕುವವರು ಈಗ ಜಾಲತಾಣದಲ್ಲಿ ತಮ್ಮ ಪರಿಚಯ ಬರೆದಿಡುತ್ತಾರೆ ಎಂದು ಅಪ್ಪನಿಗೆ ತಿಳಿಸಿ ಹೇಳಿ, ಒಂದು ಪ್ರೊಫೈಲ್ ತೆರೆದಳು. ಏನು ಬರೆಯಲಿ ಎಂದು ಕೇಳಿದಳು. ಬಟ್ಟೆಗೆ ಬಣ್ಣ ಹಾಕುತ್ತೇನೆ, ತೋರಿಸಿದ ಬಣ್ಣ ತರುತ್ತೇನೆ ಎಂದ. ಅಷ್ಟನ್ನೇ ಬರೆದು, ಗಿರಣಿಯ ಗುರುತಿನ ಚೀಟಿಯ ಫೋಟೋ ಹಾಕಿದಳು.

ಎರಡು ತಿಂಗಳಾದರೂ ಯಾರೂ ಮಾತನಾಡಿಸಲಿಲ್ಲ. ಅಪ್ಪ ದಿನವೂ ಬಾಗಿಲಲ್ಲಿ ಕೂತಿರುವುದನ್ನು ನೋಡಿ ಮಗಳಿಗೆ ಸಂಕಟವಾಯಿತು. ಪ್ರೊಫೈಲನ್ನು ಹೇಗೆ ಬರೆದರೆ ಜನ ನೋಡುತ್ತಾರೆ ಎಂದು ತಿಳಿದವರನ್ನು ಕೇಳಿದಳು, ಓದಿದಳು. ಬಣ್ಣ ಹಾಕುವವನು ಎಂಬುದು ಜವಳಿ ಬಣ್ಣಗಳ ಸಲಹೆಗಾರ ಎಂದಾಯಿತು. ಕೆಲವು ತಿಂಗಳ ಮೇಲೆ ಅದು ಜವಳಿ ಉದ್ಯಮದ ನಾಯಕ ಎಂದಾಯಿತು. ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಅಲ್ಲಿದ್ದ ಕೋಟು ತೊಡಿಸಿ ಫೋಟೋ ತೆಗೆಸಿದಳು. ಇನ್ನೂರು ಜನರ ತಂಡವನ್ನು ಮುನ್ನಡೆಸಿದ ಅನುಭವ ಎಂದು ಬರೆದಳು. ನನ್ನ ಕೈಕೆಳಗೆ ಇದ್ದವರು ಆರೇ ಜನ ಎಂದು ಕೊಟ್ರಪ್ಪ ಹೇಳಿದ. ಗಿರಣಿಯಲ್ಲಿ ಇನ್ನೂರು ಜನ ಇದ್ದರಲ್ಲ ಅಪ್ಪ ಎಂದು ಅವಳು ಹೇಳಿದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. ಅವನು ವಾದ ಮಾಡಲಿಲ್ಲ.

ಈಗ ಜನ ನೋಡತೊಡಗಿದರು. ಗುರುತಿಲ್ಲದವರು ಅಭಿನಂದನೆ ಹೇಳಿದರು. ಐನೂರು ಜನ ಪರಿಚಯಸ್ಥರಾದರು. ಕೆಲಸಕ್ಕೆಂದು ಬಂದ ಕರೆ ಮಾತ್ರ ಒಂದೇ. ಆ ಕಡೆಯಿಂದ ಮಾತನಾಡಿದವರು ಇನ್ನೂರು ಜನರನ್ನು ಹೇಗೆ ನಡೆಸಿದಿರಿ ಎಂದು ಕೇಳಿದರು. ಆರು ಜನ ಸ್ವಾಮಿ ಎಂದು ಕೊಟ್ರಪ್ಪ ಹೇಳಿದ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಮಗಳಿಗೆ ಅವನು ಇದನ್ನು ಹೇಳಲಿಲ್ಲ.

ಪಕ್ಕದ ಬೀದಿಯಲ್ಲಿ ಸೀರೆಗೆ ಬಣ್ಣ ಹಾಕುವವನೊಬ್ಬ ದಿನಗೂಲಿಗೆ ಕರೆದ. ಹೋಗಲು ಕೊಟ್ರಪ್ಪನಿಗೆ ಮನಸ್ಸಿತ್ತು. ಆದರೆ ಕೋಟು ತೊಟ್ಟ ಫೋಟೋವನ್ನು ಓಣಿಯವರೆಲ್ಲ ನೋಡಿದ್ದರು. ತೊಟ್ಟಿ ತೊಳೆಯುತ್ತಿರುವಾಗ ಕಂಡರೆ ಮಗಳು ಸುಳ್ಳುಗಾತಿ ಆಗುತ್ತಾಳೆ ಎಂದುಕೊಂಡು ಆಗುವುದಿಲ್ಲ ಎಂದುಬಿಟ್ಟ. ಹೀಗೆ ಮೂರು ವರ್ಷ ಹೋಯಿತು. ಅವನು ಬಣ್ಣ ಮುಟ್ಟಲಿಲ್ಲ.

ಒಂದು ದಿನ ಬಸ್ ನಿಲ್ದಾಣದಲ್ಲಿ ಶಕೀಲಾ ಸಿಕ್ಕಳು. ಗಿರಣಿಯಲ್ಲಿ ಬಣ್ಣದ ಮಾದರಿಗಳನ್ನು ಕಾಯ್ದಿಡುತ್ತಿದ್ದವಳು, ಹದಿನಾಲ್ಕು ವರ್ಷ ಅವನ ಜೊತೆ ಕೆಲಸ ಮಾಡಿದವಳು. ಗಿರಣಿ ಮುಚ್ಚಿದ ಮೇಲೆ ಅವಳು ಬೇರೆ ಊರಿನಲ್ಲಿ ಎಂಟು ಹೆಂಗಸರನ್ನು ಸೇರಿಸಿಕೊಂಡು ಕೈಮಗ್ಗದ ನೂಲಿಗೆ ಬಣ್ಣ ಹಾಕುವ ಒಂದು ಮನೆ ನಡೆಸುತ್ತಿದ್ದಳು.

"ಕೊಟ್ರಪ್ಪಣ್ಣ, ಶುರು ಮಾಡಿದಾಗ ಮೊದಲು ಹುಡುಕಿದ್ದು ನಿಮ್ಮನ್ನೇ" ಎಂದಳು. "ಕಂಪ್ಯೂಟರಲ್ಲಿ ನಿಮ್ಮ ಹೆಸರು ಸಿಕ್ಕಿತು. ಬನ್ನಿ ಅಂತ ಎರಡು ಸಾಲು ಬರೆದೆ. ಆಮೇಲೆ ಫೋಟೋ ನೋಡಿದೆ. ಅಷ್ಟು ದೊಡ್ಡವರಾದವರನ್ನ ನನ್ನ ತೊಟ್ಟಿ ಮುಂದೆ ನಿಲ್ಲಿ ಅಂತ ಹೇಗೆ ಕೇಳೋದು? ಅಳಿಸಿಬಿಟ್ಟೆ."

ಕೊಟ್ರಪ್ಪನ ಬಸ್ಸು ಬಂತು, ಹೋಯಿತು.

"ಶಕೀಲಮ್ಮ, ನಾನು ಏನೂ ಆಗಿಲ್ಲ" ಎಂದ. "ನಾಳೆಯೇ ಬರುತ್ತೇನೆ."

ಅವಳ ಬಳಿ ಅಷ್ಟರಲ್ಲಿ ಬೇರೆ ಬಣ್ಣಗಾರನಿದ್ದ. ಆದರೂ ಬನ್ನಿ ಎಂದಳು.

ಮಾರನೆಯ ದಿನ ಅವನು ಮೊದಲ ಬಸ್ಸಿಗೆ ಹೋದ. ಶಕೀಲಾ ಕಿರಮಂಜಿ ಬಣ್ಣದ, ಎಂದರೆ ನೇರಳೆ ಬೆರೆತ ಕೆಂಪಿನ, ಒಂದು ಹಳೆಯ ಸೀರೆಯ ಚೂರು ಕೊಟ್ಟಳು. ಅವನು ಬಟ್ಟಲು ತೆಗೆದುಕೊಂಡ. ಮೊದಲ ಪಟ್ಟಿ ತೀರ ಕೆಂಪಾಯಿತು. ಎರಡನೆಯದು ಮಂಕಾಯಿತು. ಮೂರನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಕೆಳಗಿಟ್ಟ. ಹೆಂಗಸರು ಮೊದಲು ಸುತ್ತ ನಿಂತು ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಂತಿಯ ಮೇಲೆ ಹದಿನೆಂಟು ಪಟ್ಟಿಗಳಿದ್ದವು.

ಅವನು ಶಕೀಲಾಳನ್ನು ಕರೆದು, ಇವುಗಳಲ್ಲಿ ಯಾವುದು ಹತ್ತಿರ ಎಂದು ಕೇಳಿದ.

ಅವಳು ಅವನ ಮುಖ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಅವನು ಯಾರನ್ನೂ ಆ ಮಾತು ಕೇಳಿದ್ದಿಲ್ಲ. ಅವಳು ಕೊನೆಯ ಪಟ್ಟಿಯನ್ನು ಮುಟ್ಟಿ, ಇದು ಸರಿಯಾಗಿದೆ ಅಣ್ಣ ಎಂದಳು. ಆ ಪಟ್ಟಿ ಕಪ್ಪಿಗೆ ತಿರುಗಿತ್ತು. ಅಷ್ಟು ಅವನಿಗೂ ಕಾಣುತ್ತಿತ್ತು.

ಅವನು ಬಟ್ಟಲು ತೊಳೆದು ಬೋರಲು ಹಾಕಿದ. ಹೋಗಿ ಬರುತ್ತೇನೆ ಎಂದು ಹೇಳಿ ಹೊರಟ. ಅವಳು ಬಾಗಿಲವರೆಗೆ ಬಂದಳು. ನಾಳೆ ಬನ್ನಿ ಎನ್ನಲು ಅವಳಿಗೂ ಆಗಲಿಲ್ಲ.

ಮನೆಗೆ ಬಂದಾಗ ಮಗಳು ಕಂಪ್ಯೂಟರ್ ಮುಂದೆ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಅಪ್ಪ ಎಂದು ಕೇಳಿದಳು. ಹಳೆಯ ಪರಿಚಯದವರನ್ನು ನೋಡಿ ಬಂದೆ ಎಂದ. ಉಗುರಿನ ಸಂದಿಯ ಕೆಂಪು ಕಾಣದಂತೆ ಕೈಗಳನ್ನು ಪಂಚೆಯಲ್ಲಿ ಇಟ್ಟುಕೊಂಡ. ಅವಳು ಪ್ರೊಫೈಲಿಗೆ ಹೊಸದಾಗಿ ಸೇರಿಸಿದ ಒಂದು ಸಾಲನ್ನು ಓದಿ ಹೇಳಿದಳು. ಬಣ್ಣಗಳ ಜಗತ್ತಿನಲ್ಲಿ ಮೂವತ್ತು ವರ್ಷಗಳ ಪರಿಣತಿ ಎಂದು ಅದರಲ್ಲಿತ್ತು. ಹೇಗಿದೆ ಎಂದು ಕೇಳಿದಳು.

ಚೆನ್ನಾಗಿದೆ ಮಗಳೇ ಎಂದು ಕೊಟ್ರಪ್ಪ ಹೇಳಿದ. ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಅವನು ಬಾಗಿಲಲ್ಲಿ ಕೂರುವುದನ್ನೂ ಬಿಟ್ಟ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನಿಜಗುಣ, ಹಾಗಾದರೆ ಹೆಚ್ಚು ಮಾಡಿ ಬರೆದದ್ದನ್ನೆಲ್ಲ ತೆಗೆದುಹಾಕುತ್ತೇನೆ, ಇರುವುದನ್ನಷ್ಟೇ ಬರೆಯುತ್ತೇನೆ ಎಂದ.

ಗುರುಗಳು ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ನಿನಗೆ ಬರುವ ಕೆಲಸ ಯಾವುದು, ಹೇಳು."

ನಿಜಗುಣ ಬಾಯಿ ತೆರೆದ. ನಾಲಿಗೆಗೆ ಬಂದದ್ದೆಲ್ಲ ಈ ವಾರ ಪ್ರೊಫೈಲಿನಲ್ಲಿ ಬರೆದ ಸಾಲುಗಳೇ.