ಮುಂಗುಸಿ ಕೊಂಡ ಹೆಲ್ಮೆಟ್

ಹೊಸ ಬೈಕು ಕೊಂಡ ಮುಂಗುಸಿಯೊಂದು ಸವಾರರ ಉಡುಪು ಮಾರುವ ಆಮೆಯ ಅಂಗಡಿಗೆ ಬಂದಿತು. ಆಮೆ ಬೇಸಿಗೆಗೆಂದು ಗಾಳಿಯಾಡುವ ದಪ್ಪ ಜಾಕೆಟ್, ಮಳೆಗಾಲಕ್ಕೆಂದು ನೀರಿಳಿಯದ ಕೋಟು, ಜೊತೆಗೊಂದು ಗಟ್ಟಿ ಹೆಲ್ಮೆಟ್ ತೆಗೆದಿಟ್ಟಿತು.

"ಈ ಸೆಕೆಯಲ್ಲಿ ಜಾಕೆಟ್ಟೇ? ಕಾನೂನು ಕೇಳುವುದು ಹೆಲ್ಮೆಟ್ ಒಂದನ್ನೇ. ಅದನ್ನೂ ಪೊಲೀಸರು ಕಂಡಾಗ ಹಾಕಿಕೊಂಡರಾಯಿತು," ಎಂದಿತು ಮುಂಗುಸಿ.

"ಬೀಳುವವರು ಪೊಲೀಸರೋ, ತಾವೋ?" ಎಂದು ಆಮೆ ವಿನಯದಿಂದ ಕೇಳಿತು.

ಮುಂಗುಸಿಗೆ ಸಿಟ್ಟು ಬಂತು. ಹೆಲ್ಮೆಟ್ಟನ್ನಷ್ಟೇ ಕೊಂಡು, ಮೊಣಕೈಗೆ ಸಿಕ್ಕಿಸಿಕೊಂಡು ಹೊರಟಿತು. ತಂಗಾಳಿ ಮೈಗೆ ತಾಗಿದಾಗ ತನ್ನ ಜಾಣತನಕ್ಕೆ ತಾನೇ ಹಿಗ್ಗಿತು.

ತಿರುವಿನಲ್ಲಿ ಪೊಲೀಸ್ ಕೊಕ್ಕರೆ ನಿಂತಿತ್ತು. ಗಾಬರಿಬಿದ್ದ ಮುಂಗುಸಿ ಹ್ಯಾಂಡಲ್ ಬಿಟ್ಟು ಎರಡೂ ಕೈಯಿಂದ ಹೆಲ್ಮೆಟ್ ತಲೆಗೇರಿಸಿತು. ಹೆಲ್ಮೆಟ್ಟೇನೋ ಸರಿಯಾಗಿಯೇ ಕೂತಿತು. ಬೈಕು ಮಾತ್ರ ಜಲ್ಲಿಯ ಮೇಲೆ ಜಾರಿ, ಸವಾರನನ್ನು ಕೊಕ್ಕರೆಯ ಕಾಲಬುಡದವರೆಗೂ ಉಜ್ಜಿಕೊಂಡು ಹೋಯಿತು.

ಕೊಕ್ಕರೆ ಬಗ್ಗಿ ನೋಡಿತು. "ಹೆಲ್ಮೆಟ್ ತಲೆಯ ಮೇಲಿದೆ. ಕಾನೂನಿನ ತಕರಾರಿಲ್ಲ. ತಾವು ಹೊರಡಬಹುದು."

ಮುಂಗುಸಿ ಮಲಗಿದಲ್ಲಿಂದಲೇ ನರಳುತ್ತಾ ಹೇಳಿತು: "ಕಾನೂನಿನದ್ದಿಲ್ಲ ಸ್ವಾಮಿ. ನನ್ನ ಬೆನ್ನಿನದ್ದು ಬಹಳ ಇದೆ."