ಏಳನೆಯ ಕಂತಿನ ಜಗಳ

ಸೀಬೆ ಮರದ ಗಿಣಿಯೂ ಅಳಿಲೂ ಎದುರು ಮನೆಯ ಕಿಟಕಿಯಿಂದ ಕಾಣುವ ಟಿವಿಯಲ್ಲಿ ಬಾಹ್ಯಾಕಾಶ ನೌಕೆಯೊಂದರ ಧಾರಾವಾಹಿಯನ್ನು ಒಂದೇ ಕೊಂಬೆಯ ಮೇಲೆ ಕೂತು ನೋಡುತ್ತಿದ್ದವು. ಏಳನೆಯ ಕಂತಿನಲ್ಲಿ ನೌಕೆ ಒಂದು ಬರಿದಾದ ಗ್ರಹಕ್ಕೆ ಇಳಿಯಿತು. ಅಲ್ಲಿ ಹಳೆಯ ರೋಬೋಟ್ ಒಂದು ಯಾರಿಗಾಗಿಯೋ ಕಾಯುತ್ತ ನಿಂತಿತ್ತು.

"ಇಷ್ಟು ಕೆಟ್ಟ ಕಂತು ಇನ್ನೊಂದಿಲ್ಲ. ಒಂದು ಯುದ್ಧವೂ ಇಲ್ಲ," ಎಂದಿತು ಗಿಣಿ.

"ಇಷ್ಟು ಒಳ್ಳೆಯದೂ ಇನ್ನೊಂದಿಲ್ಲ. ಅದು ಕಾಯುವುದನ್ನು ನೋಡಿ ನನಗೆ ಹಣ್ಣು ಕಡಿಯಲೂ ಮನಸ್ಸಾಗಲಿಲ್ಲ," ಎಂದಿತು ಅಳಿಲು.

ಅಂದಿನಿಂದ ಎರಡಕ್ಕೂ ನೆಮ್ಮದಿಯಿಲ್ಲ. ಹೊಸ ವಾದ ಹೊಳೆದಾಗಲೆಲ್ಲ ಅಳಿಲು ಬುಡದಿಂದ ತುದಿಗೆ ಓಡುತ್ತಿತ್ತು. ಗಿಣಿ ಕೊಕ್ಕಿನಲ್ಲಿದ್ದ ಹಣ್ಣನ್ನು ಕೆಳಗೆ ಬಿಟ್ಟು ಉತ್ತರ ಕೊಡುತ್ತಿತ್ತು. ಒಂಬತ್ತನೆಯ ದಿನ ಎರಡೂ ಅದೇ ಕಿಟಕಿಯ ಕೆಳಗೆ, ನೀರಿನ ತೊಟ್ಟಿಯಲ್ಲಿದ್ದ ಮುದಿ ಆಮೆಯ ಬಳಿ ಹೋದವು. ಆಮೆಯೂ ಆ ಧಾರಾವಾಹಿಯನ್ನು ತಪ್ಪದೆ ಕೇಳುತ್ತಿತ್ತು.

"ನ್ಯಾಯ ಹೇಳಿ, ಆಮೆಯಜ್ಜ. ಸೋತವರು ಮರ ಬಿಟ್ಟು ಹೋಗಬೇಕು," ಎಂದಿತು ಗಿಣಿ.

"ರೋಬೋಟ್ ಯಾರಿಗಾಗಿ ಕಾಯುತ್ತಿತ್ತೋ ಅವರು ಕೊನೆಗೆ ಬಂದರಲ್ಲ, ಅದು ನಿಮಗೆ ಹೇಗನ್ನಿಸಿತು?" ಎಂದು ಆಮೆ ಕೇಳಿತು.

ಗಿಣಿ ಅಳಿಲಿನ ಮುಖ ನೋಡಿತು, ಅಳಿಲು ಗಿಣಿಯ ಮುಖ ನೋಡಿತು. ಕಂತು ಅರ್ಧಕ್ಕೆ ಬಂದಾಗಲೇ ಜಗಳ ಹತ್ತಿಕೊಂಡಿತ್ತು. ಕೊನೆಯನ್ನು ಎರಡೂ ನೋಡಿರಲಿಲ್ಲ.

"ಕೂತುಕೊಳ್ಳಿ, ಯಾರು ಬಂದರೆಂದು ಹೇಳುತ್ತೇನೆ," ಎಂದಿತು ಆಮೆ.

"ಹೇಳಿ. ಯಾರೇ ಬಂದಿರಲಿ, ಅದು ಕೆಟ್ಟ ಕಂತೇ," ಎಂದಿತು ಗಿಣಿ.

"ಯಾರೇ ಬಂದಿರಲಿ, ಒಳ್ಳೆಯ ಕಂತೇ," ಎಂದಿತು ಅಳಿಲು.

ಮಾತಿಗೆ ಮಾತು ಬೆಳೆಯಿತು. ಗಿಣಿ ಹಾರಿತು, ಅಳಿಲು ಅದರ ಹಿಂದೆಯೇ ಓಡಿತು. ಹೇಳಲೆಂದು ಬಾಯಿ ತೆರೆದಿದ್ದ ಆಮೆ ಸ್ವಲ್ಪ ಹೊತ್ತು ನೋಡಿ ಬಾಯಿ ಮುಚ್ಚಿಕೊಂಡಿತು.