ಬಾಣಂತಿ ಇಲಿ ತುಂಬಿದ ಕುರ್ಚಿ

ಊರಿನ ಟೆಂಟು ಸಿನಿಮಾ ತಗಡಿನ ಟಾಕೀಸಾಗಿ, ಬೆಂಚುಗಳು ಹೋಗಿ ಮೆತ್ತನೆ ಕುರ್ಚಿಗಳು ಬಂದ ಮೇಲೆ ಅಲ್ಲಿನ ಇಲಿಗಳಿಗೂ ಸುಖದ ರುಚಿ ಹತ್ತಿತು. ಜನ ಚೆಲ್ಲಿದ ಕಡಲೆಕಾಯಿ ತಿಂದು, ಕುರ್ಚಿಯೊಳಗಿನ ನಾರು ಎಳೆದು ಗೂಡು ಕಟ್ಟಿಕೊಂಡವು. ಕುರ್ಚಿಗಳು ಕೆಟ್ಟವು. ಜನ ಕಡಿಮೆಯಾದರು, ಕಡಲೆಕಾಯಿಯೂ ಕಡಿಮೆಯಾಯಿತು.

ಒಂದು ದಿನ ಬಾಣಂತಿ ಇಲಿಯೊಂದು ತನ್ನ ಗೂಡಿನ ನಾರನ್ನೆಲ್ಲ ಕಚ್ಚಿ ತಂದು ಹರಿದ ಕುರ್ಚಿಯೊಳಗೆ ತುರುಕತೊಡಗಿತು.

"ತಲೆ ಕೆಟ್ಟಿದೆಯೇ ಅತ್ತಿಗೆ? ಮಕ್ಕಳನ್ನು ಬರೀ ನೆಲದ ಮೇಲೆ ಮಲಗಿಸುತ್ತೀರಾ?" ಎಂದಿತು ಮೈದುನ ಇಲಿ.

"ಟೆಂಟಿನ ಕಾಲದಲ್ಲಿ ನಮ್ಮಜ್ಜಿ ಮರಳಿನ ಮೇಲೆಯೇ ಹೆತ್ತಳು. ಅವಳ ಮಕ್ಕಳೇನು ಸತ್ತರೇ? ಟಾಕೀಸು ಮುಚ್ಚಿದರೆ ನನ್ನ ಮಕ್ಕಳು ಈ ನಾರು ತಿಂದು ಬದುಕಬೇಕೇ?"

"ನೀವೊಬ್ಬರು ತುಂಬಿದರೆ ಆಯಿತೇ? ಉಳಿದವರೆಲ್ಲ ಕಡಿಯುತ್ತಲೇ ಇದ್ದೇವಲ್ಲ!"

"ನಾನು ಕೆಡಿಸಿದ್ದು ಈ ಕುರ್ಚಿಯನ್ನು, ಇದನ್ನು ತುಂಬುತ್ತೇನೆ. ಆಮೇಲೆ ಇದರ ಕೆಳಗೇ ಕಾವಲು ಕೂರುತ್ತೇನೆ. ಯಾರು ಹಲ್ಲು ಹಚ್ಚುತ್ತಾರೋ ನೋಡೋಣ. ದಾರಿ ಬಿಡು ಮಹರಾಯ, ಆಟ ಶುರುವಾಗುವ ಹೊತ್ತಾಯಿತು."

ಸಂಜೆ ಬಂದ ಹೆಂಗಸೊಬ್ಬಳು ಸಾಲಿನ ಕುರ್ಚಿಗಳನ್ನೆಲ್ಲ ಕೈಯಿಂದ ಒತ್ತಿ ನೋಡಿ, ಅದೊಂದರಲ್ಲಿ ನೆಮ್ಮದಿಯಾಗಿ ಕೂತಳು. ಮೈದುನ ಇಲಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ತನ್ನ ಗೂಡಿನ ನಾರು ಬಿಚ್ಚಲು ಹೋಯಿತು.